ಒಂದು ಸಂಖ್ಯೆಗೆ ಬೀಗ ಬಿದ್ದ ಕಥೆ

1998ರ ಆಗಸ್ಟ್ 24ರಂದು ಇಂಟೆಲ್ ಕಂಪನಿ ಒಂದೇ ದಿನ ಎರಡು ಬಗೆಯ ಪ್ರೊಸೆಸರ್‌ಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಒಂದು 450 ಮೆಗಾಹರ್ಟ್ಸ್‌ನ ಪೆಂಟಿಯಂ 2. ಸಗಟಾಗಿ ಕೊಳ್ಳುವವರಿಗೆ ಅದರ ಬೆಲೆ 669 ಡಾಲರ್. ಇನ್ನೊಂದು ಕೈಬಿಗಿ ಹಿಡಿದು ಖರ್ಚು ಮಾಡುವವರಿಗಾಗಿ ತಂದ ಸೆಲೆರಾನ್ 300ಎ: ವೇಗ 300 ಮೆಗಾಹರ್ಟ್ಸ್, ಬೆಲೆ 149 ಡಾಲರ್. ಹೆಚ್ಚು ದಿನ ಹಿಡಿಯಲಿಲ್ಲ, ಹವ್ಯಾಸಿಗಳು ಗುಟ್ಟು ಕಂಡುಕೊಂಡರು. ಅಗ್ಗದ್ದನ್ನು ಕೊಂಡು, ಮದರ್‌ಬೋರ್ಡಿನಲ್ಲಿ ಒಂದೇ ಒಂದು ಆಯ್ಕೆಯನ್ನು 66ರಿಂದ 100ಕ್ಕೆ ಬದಲಿಸಿದರೆ ಅದೂ 450ರಲ್ಲಿ ಓಡುತ್ತಿತ್ತು. ಎಲ್ಲ ಚಿಪ್‌ಗಳೂ ಒಗ್ಗಲಿಲ್ಲ ನಿಜ, ಆದರೆ ಒಗ್ಗಿದವು ಎಷ್ಟಿದ್ದವೆಂದರೆ ಓವರ್‌ಕ್ಲಾಕಿಂಗ್ ಎಂಬ ಹುಚ್ಚು ಕೆಲವೇ ಜನರ ಹವ್ಯಾಸವಾಗಿ ಉಳಿಯಲಿಲ್ಲ.

ವಿಚಿತ್ರವೆಂದರೆ ಆ ಸೆಲೆರಾನ್‌ಗೆ ಬೀಗ ಹಾಕಲಾಗಿತ್ತು. ಅದರೊಳಗೆ 4.5 ಎಂಬ ಸಂಖ್ಯೆಯನ್ನು ಯಾರೂ ಮುಟ್ಟದಂತೆ ಕೂರಿಸಿದ್ದರು. ಬೋರ್ಡು ಕೊಡುವ 66.6 ಮೆಗಾಹರ್ಟ್ಸ್ ಅನ್ನು ಅದರಿಂದ ಗುಣಿಸಿದರೆ 300 ಬರುತ್ತದೆ, 100ನ್ನು ಗುಣಿಸಿದರೆ 450. ಗುಣಕಕ್ಕೆ ಬೀಗ ಹಾಕಿದವರು ಗುಣ್ಯವನ್ನು ಬೀದಿಯಲ್ಲಿ ಬಿಟ್ಟಿದ್ದರು. ಕ್ಲಾಕ್ ಮಲ್ಟಿಪ್ಲೈಯರ್ ಎಂದು ಕರೆಯುವ ಈ ಸಂಖ್ಯೆ ಹುಟ್ಟಿದ್ದು ಎಂಜಿನಿಯರರ ಒಂದು ನಿಜವಾದ ಕಷ್ಟವನ್ನು ನೀಗಲು. ಹತ್ತು ವರ್ಷ ತುಂಬುವ ಮೊದಲೇ ಅದು ಬೆಲೆಪಟ್ಟಿ ಕಾಯುವ ಕೆಲಸಕ್ಕೆ ನಿಂತಿತ್ತು.

ಕಷ್ಟ ಏನೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಕಂಪ್ಯೂಟರಿನಲ್ಲಿ ಎಲ್ಲ ಕೆಲಸವೂ ಒಂದು ಮಿಡಿತಕ್ಕೆ ಹೊಂದಿಕೊಂಡು ನಡೆಯುತ್ತದೆ. ಆ ಮಿಡಿತವನ್ನು ಕೊಡುವುದು ಕ್ವಾರ್ಟ್ಜ್ ಹರಳು. 1981ರ ಐಬಿಎಂ ಪಿಸಿಯಲ್ಲಿದ್ದ 8088 ಪ್ರೊಸೆಸರ್ 5 ಮೆಗಾಹರ್ಟ್ಸ್‌ವರೆಗೆ ಓಡಬಲ್ಲದ್ದಾದರೂ 4.77ರಲ್ಲಿ ಓಡಿತು. ಅಮೆರಿಕದ ಬಣ್ಣದ ಟಿವಿಗೆ ಬೇಕಾದ ಸಂಕೇತವನ್ನೂ ಅದೇ ಹರಳಿನಿಂದ ಪಡೆಯಲು 14.318 ಮೆಗಾಹರ್ಟ್ಸ್‌ನ ಹರಳನ್ನು ಆರಿಸಿದ್ದರು. ಅದನ್ನು ನಾಲ್ಕರಿಂದ ಭಾಗಿಸಿದರೆ ಟಿವಿಗೆ, ಮೂರರಿಂದ ಭಾಗಿಸಿದರೆ ಪ್ರೊಸೆಸರ್‌ಗೆ. ಜಗತ್ತಿನ ಅತಿ ಪ್ರಸಿದ್ಧ ಕಂಪ್ಯೂಟರಿನ ವೇಗವನ್ನು ಟಿವಿ ತೀರ್ಮಾನಿಸಿತ್ತು ಎಂದರೂ ತಪ್ಪಿಲ್ಲ.

1984ರಲ್ಲಿ ಬಂದ ಐಬಿಎಂ ಎಟಿಯಲ್ಲಿ 12 ಮೆಗಾಹರ್ಟ್ಸ್‌ನ ಹರಳಿತ್ತು, ಅದನ್ನು ಅರ್ಧ ಮಾಡಿ 80286 ಪ್ರೊಸೆಸರ್‌ಗೆ 6 ಮೆಗಾಹರ್ಟ್ಸ್ ಕೊಡುತ್ತಿದ್ದರು. ಹರಳನ್ನು ಕಿತ್ತು ಇನ್ನೊಂದನ್ನು ಕೂರಿಸುವುದು ಸುಲಭವಾಗಿತ್ತು. 16ರ ಹರಳು ಹಾಕಿದವರಿಗೆ 8 ಮೆಗಾಹರ್ಟ್ಸ್ ಸಿಕ್ಕಿತು, ಅದೂ ಕೆಲವೇ ಡಾಲರ್ ಖರ್ಚಿನಲ್ಲಿ. ಐಬಿಎಂಗೆ ಇದು ಹಿಡಿಸಲಿಲ್ಲ. ಮುಂದಿನ ಎಟಿಗಳಲ್ಲಿ, ಯಂತ್ರವನ್ನು ಎಬ್ಬಿಸುವ ಬಯಾಸ್ ತಂತ್ರಾಂಶದೊಳಗೆ, ವೇಗವನ್ನು ಅಳೆಯುವ ಒಂದು ಪರೀಕ್ಷೆ ಸೇರಿಕೊಂಡಿತು. ಮಿಡಿತ ನಿಗದಿಗಿಂತ ಹೆಚ್ಚಿದ್ದರೆ ಯಂತ್ರ ಏಳುತ್ತಲೇ ಇರಲಿಲ್ಲ. ತಯಾರಕ ಬೇಲಿ ಹಾಕುವುದು, ಬಳಕೆದಾರ ಸಂದಿ ಹುಡುಕುವುದು ಅಲ್ಲಿಂದಲೇ ಶುರುವಾಯಿತು, ಗುಣಕ ಎಂಬುದು ಇನ್ನೂ ಪಿಸಿಯೊಳಗೆ ಕಾಲಿಡುವ ಮೊದಲೇ.

ಆ ಕಾಲದ ಪಿಸಿಗಳಲ್ಲಿ ಪ್ರೊಸೆಸರ್ ಎಷ್ಟು ವೇಗವಾಗಿ ಓಡುತ್ತದೋ ಅದನ್ನು ಮೆಮೊರಿ ಮತ್ತಿತರ ಭಾಗಗಳಿಗೆ ಜೋಡಿಸುವ ಬಸ್ ಎಂಬ ಹಾದಿ ಕೂಡ ಅಷ್ಟೇ ವೇಗವಾಗಿ ಓಡಬೇಕಿತ್ತು. 1989ರಲ್ಲಿ 25 ಮೆಗಾಹರ್ಟ್ಸ್‌ನಿಂದ ಶುರುವಾದ ಇಂಟೆಲ್‌ನ 486 ಪ್ರೊಸೆಸರ್ ಮುಂದಿನ ವರ್ಷ 33 ಮುಟ್ಟಿತು, 1991ರಲ್ಲಿ 50. ಅಲ್ಲಿ ಸಿಕ್ಕಿಹಾಕಿಕೊಂಡಿತು. ಉಗುರಿನಷ್ಟಗಲದ ಸಿಲಿಕಾನಿನೊಳಗೆ 50 ಮೆಗಾಹರ್ಟ್ಸ್ ಸಾಧಿಸುವುದು ಬೇರೆ, ಅದಕ್ಕಿಂತ ಎಷ್ಟೋ ದೊಡ್ಡ ಬೋರ್ಡಿನ ತಾಮ್ರದ ಗೆರೆಗಳಲ್ಲಿ, ಹತ್ತಾರು ಬೇರೆ ಬೇರೆ ಚಿಪ್‌ಗಳ ನಡುವೆ ಅದನ್ನು ಕಾಪಾಡುವುದು ಬೇರೆ. ಮೆಮೊರಿ ಹಿಂದೆ ಬೀಳುತ್ತಿತ್ತು. ವಿಡಿಯೋ ಕಾರ್ಡುಗಳು ಕೈಕೊಡುತ್ತಿದ್ದವು. 486ಡಿಎಕ್ಸ್-50ಕ್ಕೆ ಸರಿಹೊಂದುವ ಬೋರ್ಡ್ ಮಾಡುವುದು ತಯಾರಕರಿಗೆ ತಲೆನೋವಾಯಿತು.

1992ರ ಮಾರ್ಚ್‌ನಲ್ಲಿ ಇಂಟೆಲ್ ತಂದ 486ಡಿಎಕ್ಸ್2 ಈ ಗಂಟನ್ನು ಬಿಡಿಸಿತು. ಹೊರಗೆ 25, ಒಳಗೆ 50. ಅದೇ ಆಗಸ್ಟ್‌ನಲ್ಲಿ ಹೊರಗೆ 33, ಒಳಗೆ 66. ಸಂಗೀತ ಪಾಠದಲ್ಲಿ ಸರಳೆ ವರಸೆ ಹಾಡುವ ಮಕ್ಕಳು ಕೈಯಲ್ಲಿ ಹಾಕುವ ತಾಳವನ್ನು ಹಾಗೇ ಇಟ್ಟುಕೊಂಡು ಒಂದನೇ ಕಾಲದಿಂದ ಎರಡನೇ ಕಾಲಕ್ಕೆ ಹೋಗುತ್ತಾರಲ್ಲ, ಇದೂ ಹಾಗೆಯೇ. ಬೋರ್ಡು ಹಳೆಯ ತಾಳವನ್ನೇ ಹಾಕುತ್ತಿರುತ್ತದೆ, ಪ್ರೊಸೆಸರ್ ಮಾತ್ರ ಆ ತಾಳದ ಒಂದೊಂದು ಪೆಟ್ಟಿನೊಳಗೆ ಎರಡೆರಡು ಹೆಜ್ಜೆ ಇಡುತ್ತದೆ.

ಇದನ್ನು ಸಾಧಿಸುವ ಮಂಡಲಕ್ಕೆ ಫೇಸ್ ಲಾಕ್ಡ್ ಲೂಪ್ ಎಂದು ಹೆಸರು. ಫ್ರಾನ್ಸಿನ ಹೆನ್ರಿ ದ ಬೆಲ್‌ಸೀಝ್ 1932ರಲ್ಲಿ ರೇಡಿಯೋಗಾಗಿ ವಿವರಿಸಿದ್ದ ಉಪಾಯ ಅದು. ಚಿಪ್‌ನೊಳಗೆ ಒಂದು ಆಂದೋಲಕ ಇರುತ್ತದೆ, ಅದಕ್ಕೆ ಕೊಡುವ ವೋಲ್ಟೇಜ್ ಏರಿಸಿದರೆ ಅದರ ಮಿಡಿತವೂ ಏರುತ್ತದೆ. ಹೊರಬಂದ ಮಿಡಿತವನ್ನು ಎರಡರಿಂದಲೋ ಮೂರರಿಂದಲೋ ಭಾಗಿಸಿ, ಬೋರ್ಡಿನಿಂದ ಬಂದ ಮಿಡಿತದ ಪಕ್ಕಕ್ಕಿಟ್ಟು ಹೋಲಿಸುತ್ತಾರೆ. ಹಿಂದೆ ಬಿದ್ದಿದ್ದರೆ ವೋಲ್ಟೇಜ್ ತುಸು ಹೆಚ್ಚುತ್ತದೆ, ಮುಂದೆ ಓಡಿದ್ದರೆ ತುಸು ಇಳಿಯುತ್ತದೆ. ಎರಡೂ ಸರಿಯಾಗಿ ಕೂಡಿಕೊಂಡಾಗ, ಭಾಗಿಸುವ ಮೊದಲಿನ ಮಿಡಿತ ಬೋರ್ಡಿನದಕ್ಕಿಂತ ಅಷ್ಟೇ ಪಟ್ಟು ವೇಗವಾಗಿರುತ್ತದೆ. ಗುಣಿಸುವ ಯಂತ್ರವನ್ನು ಬಿಚ್ಚಿ ನೋಡಿದರೆ ಒಳಗೆ ಸಿಗುವುದು ಭಾಗಾಕಾರ. ಭಾಜಕವನ್ನು ಬದಲಿಸಿದರೆ ಗುಣಕ ಬದಲಾಗುತ್ತದೆ. ಅರ್ಧದ ಗುಣಕ ಬೇಕೆಂದರೆ, ಒಂಬತ್ತು ಪಟ್ಟು ಮಾಡಿ ಕೊನೆಗೆ ಎರಡರಿಂದ ಭಾಗಿಸಿದರೆ ನಾಲ್ಕೂವರೆ ಸಿಗುತ್ತದೆ.

ಹೊರಗಿನ ಮೆಮೊರಿ ನಿಧಾನವಾಗಿಯೇ ಉಳಿದರೆ ಒಳಗೆ ಓಡಿ ಏನು ಪ್ರಯೋಜನ ಎಂಬ ಪ್ರಶ್ನೆ ನ್ಯಾಯವಾದದ್ದೇ. 486ರೊಳಗೆ 8 ಕಿಲೋಬೈಟ್‌ಗಳ ಕ್ಯಾಶ್ ಇತ್ತು. ಪ್ರೊಸೆಸರ್‌ಗೆ ಬೇಕಾದ ಆದೇಶ, ಅಂಕಿಗಳು ಬಹುಪಾಲು ಅಲ್ಲೇ ಸಿಗುತ್ತಿದ್ದವು, ಹೊರಗೆ ಹೋಗಿ ಕಾಯುವ ಪ್ರಸಂಗ ಕಡಿಮೆ. ಕ್ಯಾಶ್ ಇಲ್ಲದಿದ್ದರೆ ಗುಣಕವೆಂಬುದು ಪೆಟ್ಟಿಗೆಯ ಮೇಲಿನ ಅಲಂಕಾರವಾಗಿ ಉಳಿಯುತ್ತಿತ್ತು. ಹಳೆಯ ಬೋರ್ಡನ್ನು ಬಿಸಾಡದೆ ಹೊಸ ಪ್ರೊಸೆಸರ್ ಕೂರಿಸಬಹುದಾಗಿದ್ದರಿಂದ ಅಂಗಡಿಯವರಿಗೂ ಗಿರಾಕಿಗೂ ಇದು ಹಿಡಿಸಿತು. 1994ರಲ್ಲಿ ಮೂರು ಪಟ್ಟು ಓಡುವ ಡಿಎಕ್ಸ್4 ಬಂತು. ಹೆಸರಿನಲ್ಲಿ 4, ಗುಣಕ 3: ಮಾರಾಟ ವಿಭಾಗ ಆ ಸಂಖ್ಯೆಯ ಮೇಲೆ ಕಣ್ಣು ಹಾಕಿದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಪೆಂಟಿಯಂ ಕಾಲಕ್ಕೆ ಗುಣಕ ಬೋರ್ಡಿನ ಮೇಲೆ ಎಲ್ಲರ ಕೈಗೂ ಎಟುಕುವಂತಾಯಿತು. ಪ್ರೊಸೆಸರಿನ ಒಂದೆರಡು ಕಾಲುಗಳಿಗೆ ಬೋರ್ಡು ಯಾವ ಸಂಕೇತ ಕೊಡುತ್ತದೆ ಎಂಬುದರ ಮೇಲೆ 1.5, 2, 2.5, 3 ಎಂದು ಗುಣಕ ನಿಗದಿಯಾಗುತ್ತಿತ್ತು. ಆ ಸಂಕೇತವನ್ನು ಬದಲಿಸಲು ಜಂಪರ್ ಎಂಬ ಪುಟ್ಟ ಪ್ಲಾಸ್ಟಿಕ್ ಟೊಪ್ಪಿಗಳು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಕಂಪ್ಯೂಟರ್ ಜೋಡಿಸಿದ ಹಳಬರಿಗೆ ಆ ಟೊಪ್ಪಿಗಳನ್ನು ಚಿಮಟದಲ್ಲಿ ಹಿಡಿದು ಸರಿಸಿದ ನೆನಪು ಇದ್ದೀತು. 166ರ ಪೆಂಟಿಯಂ ಎಂದರೆ 66 ಗುಣಿಸು 2.5. ಟೊಪ್ಪಿ ಸರಿಸಿ 3 ಮಾಡಿದರೆ 200.

ಇಲ್ಲೊಂದು ವಿಷಯ ಸ್ಪಷ್ಟವಾಗಬೇಕು. ಕಾರ್ಖಾನೆಯಲ್ಲಿ 166ರ ಚಿಪ್, 200ರ ಚಿಪ್ ಎಂದು ಬೇರೆ ಬೇರೆ ಅಚ್ಚು ಇರುವುದಿಲ್ಲ. ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ತುಂಡುಗಳನ್ನು ಪರೀಕ್ಷಿಸಿ, ಯಾವುದು ಎಷ್ಟು ವೇಗ ತಾಳುತ್ತದೆ ಎಂದು ನೋಡಿ ಮುದ್ರೆ ಒತ್ತುತ್ತಾರೆ. ತಯಾರಿಕೆ ಪಳಗಿದಂತೆ ಹೆಚ್ಚು ಹೆಚ್ಚು ತುಂಡುಗಳು ಮೇಲಿನ ದರ್ಜೆಗೆ ಅರ್ಹವಾಗುತ್ತವೆ. ಮಾರುಕಟ್ಟೆ ಮಾತ್ರ ಅಗ್ಗದ ಚಿಪ್‌ಗಳನ್ನೇ ಹೆಚ್ಚು ಕೇಳುತ್ತಿರುತ್ತದೆ. ಆಗ 200 ತಾಳುವ ತುಂಡಿಗೂ 166ರ ಮುದ್ರೆ ಬೀಳುತ್ತದೆ. ಓವರ್‌ಕ್ಲಾಕರ್‌ಗಳು ಬೆಳೆ ತೆಗೆದದ್ದು ಈ ವ್ಯತ್ಯಾಸದ ಹೊಲದಲ್ಲಿ.

ಅದೇ ಹೊಲಕ್ಕೆ ಕಳ್ಳರೂ ನುಗ್ಗಿದರು. ಚಿಪ್‌ನ ಮೇಲಿನ ಅಕ್ಷರಗಳನ್ನು ಉಜ್ಜಿ ತೆಗೆದು, ಹೆಚ್ಚಿನ ವೇಗದ ಮುದ್ರೆ ಒತ್ತಿ, ಮೇಲಿನ ಬೆಲೆಗೆ ಮಾರುವ ದಂಧೆ ತೊಂಬತ್ತರ ದಶಕದ ನಡುವಿನಲ್ಲಿ ಹಲವು ದೇಶಗಳಲ್ಲಿ ನಡೆಯಿತು. ಅಂಥ ಕಂಪ್ಯೂಟರ್ ಕೊಂಡವನಿಗೆ ತಾನು ಓವರ್‌ಕ್ಲಾಕ್ ಮಾಡಿದ ಯಂತ್ರ ಬಳಸುತ್ತಿದ್ದೇನೆಂಬ ಅರಿವೇ ಇರುತ್ತಿರಲಿಲ್ಲ. ಅದು ಬೇಸಿಗೆಯಲ್ಲಿ ಸುಮ್ಮಸುಮ್ಮನೆ ನಿಂತುಹೋದರೆ ಬೈಸಿಕೊಳ್ಳುವುದು ಇಂಟೆಲ್. ಪೆಂಟಿಯಂ 2ರ ಅವಧಿಯಲ್ಲಿ, 1998ರ ಹೊತ್ತಿಗೆ, ಇಂಟೆಲ್ ಗುಣಕವನ್ನು ಚಿಪ್‌ನೊಳಗೇ ಬಂಧಿಸಿತು. ಕಾರಣ ಕೇಳಿದವರಿಗೆ ಈ ಕಳ್ಳ ಮುದ್ರೆಯ ದಂಧೆಯನ್ನೇ ತೋರಿಸಿತು.

ಆ ಕಾರಣವನ್ನು ಎಲ್ಲರೂ ಒಪ್ಪಲಿಲ್ಲ. ಅರ್ಥಶಾಸ್ತ್ರಜ್ಞರಾದ ಡೆನೆಕೆರೆ ಮತ್ತು ಮೆಕಾಫಿ 1996ರಲ್ಲೇ ಒಂದು ಪ್ರಬಂಧ ಬರೆದಿದ್ದರು. ತಯಾರಕರು ಒಳ್ಳೆಯ ಸರಕನ್ನು ಬೇಕೆಂದೇ ಊನಗೊಳಿಸಿ ಅಗ್ಗಕ್ಕೆ ಮಾರುವುದುಂಟು, ಹೆಚ್ಚು ಕೊಡಬಲ್ಲವರಿಂದ ಹೆಚ್ಚು ಪಡೆಯಲು ಅದೊಂದು ದಾರಿ ಎಂಬುದು ಅವರ ವಾದ. ಗಣಿತದ ಘಟಕವನ್ನು ನಿಷ್ಕ್ರಿಯಗೊಳಿಸಿ ಮಾರಿದ ಇಂಟೆಲ್‌ನ 486ಎಸ್‌ಎಕ್ಸ್ ಅವರ ಉದಾಹರಣೆಗಳಲ್ಲಿ ಒಂದು. ಇದರಿಂದ ಕೆಲವೊಮ್ಮೆ ಬಡ ಗ್ರಾಹಕನಿಗೂ ಲಾಭವೇ ಆಗಬಹುದು, ಇಲ್ಲವಾದರೆ ಅವನಿಗೆ ಆ ವಸ್ತು ಸಿಗುತ್ತಲೇ ಇರಲಿಲ್ಲ ಎಂದೂ ಅವರು ತೋರಿಸಿದರು. ಗುಣಕದ ಬೀಗವನ್ನು ಇದೇ ಸಾಲಿಗೆ ಸೇರಿಸುವವರಿದ್ದಾರೆ. ನನಗನ್ನಿಸುವಂತೆ ಎರಡೂ ಕಾರಣಗಳು ನಿಜ. ಕಳ್ಳರು ಇದ್ದದ್ದು ಸುಳ್ಳಲ್ಲ, ಆದರೆ ಕಳ್ಳರು ಅಡಗಿದ ಮೇಲೂ ಬೀಗ ಉಳಿಯಿತೆಂಬುದನ್ನು ಮರೆಯಲಾಗದು.

ಈಗ 300ಎ ಕಡೆಗೆ ಹಿಂತಿರುಗೋಣ. ಅದರ ಅಣ್ಣನಾದ ಮೊದಲ ಸೆಲೆರಾನ್ 1998ರ ಏಪ್ರಿಲ್‌ನಲ್ಲಿ ಎರಡನೇ ಹಂತದ ಕ್ಯಾಶ್ ಇಲ್ಲದೆ ಬಂದು ನಗೆಪಾಟಲಾಗಿತ್ತು. ತಪ್ಪು ತಿದ್ದಿಕೊಂಡ ಇಂಟೆಲ್ 300ಎಯಲ್ಲಿ 128 ಕಿಲೋಬೈಟ್ ಕ್ಯಾಶನ್ನು ಪ್ರೊಸೆಸರಿನ ಸಿಲಿಕಾನಿನ ಮೇಲೇ ಕೂರಿಸಿತು. ದುಬಾರಿ ಪೆಂಟಿಯಂ 2ರಲ್ಲಿ ಕ್ಯಾಶ್ 512 ಕಿಲೋಬೈಟ್ ಇದ್ದರೂ ಅದು ಪ್ರತ್ಯೇಕ ಚಿಪ್‌ಗಳಲ್ಲಿದ್ದು ಅರ್ಧ ವೇಗದಲ್ಲಿ ಓಡುತ್ತಿತ್ತು. ಸೆಲೆರಾನಿನದು ಚಿಕ್ಕದು, ಆದರೆ ಪೂರ್ಣ ವೇಗದ್ದು. ಬೇರೆ ಚಿಪ್‌ಗಳ ಹಂಗಿಲ್ಲದ್ದರಿಂದ ವೇಗ ಏರಿಸಿದಾಗ ಎಡವುವ ಜಾಗವೂ ಒಂದು ಕಡಿಮೆಯಾಯಿತು.

ಸಮಯವೂ ಕೂಡಿಬಂದಿತ್ತು. ಅದೇ ವರ್ಷ ಬಂದ 440ಬಿಎಕ್ಸ್ ಚಿಪ್‌ಸೆಟ್ 100 ಮೆಗಾಹರ್ಟ್ಸ್ ಬಸ್ಸಿಗೆಂದೇ ತಯಾರಾದದ್ದು. ಬಸ್ಸಿನ ವೇಗ ಏರಿಸುವುದರಲ್ಲಿ ಒಂದು ತೊಡಕಿದೆ. ಪಿಸಿಐ ಕಾರ್ಡುಗಳಿಗೆ ಬೇಕಾದ 33 ಮೆಗಾಹರ್ಟ್ಸ್ ಮಿಡಿತವನ್ನೂ ಅದೇ ಬಸ್ಸಿನಿಂದ ಭಾಗಿಸಿ ತೆಗೆಯುತ್ತಾರೆ. 66ರ ಅರ್ಧ 33. ಬಸ್ಸನ್ನು 83ಕ್ಕೆ ಒಯ್ದರೆ ಪಿಸಿಐ 41 ದಾಟುತ್ತದೆ, ಹಾರ್ಡ್ ಡಿಸ್ಕಿನ ಮಾಹಿತಿ ಕೆಡುವ ಭಯ. ಆದರೆ 100ರಲ್ಲಿ ಮೂರರಿಂದ ಭಾಗಿಸುವ ಏರ್ಪಾಡಿತ್ತು, ಮತ್ತೆ 33. ಹೀಗಾಗಿ 300ಎಯನ್ನು 450ಕ್ಕೆ ಒಯ್ದವನ ಕಂಪ್ಯೂಟರಿನಲ್ಲಿ ಪ್ರೊಸೆಸರ್ ಒಂದನ್ನು ಬಿಟ್ಟು ಉಳಿದೆಲ್ಲವೂ ನಿಯಮದೊಳಗೇ ಇರುತ್ತಿದ್ದವು.

ತೈವಾನಿನ ಏಬಿಟ್ ಕಂಪನಿಯ ಬಿಎಚ್6 ಬೋರ್ಡಿನಲ್ಲಿ ಬಸ್ಸಿನ ವೇಗ, ವೋಲ್ಟೇಜ್ ಎರಡನ್ನೂ ಬಯಾಸ್ ಪರದೆಯಲ್ಲೇ ಬದಲಿಸಬಹುದಿತ್ತು. ಚಿಮಟ ಬೇಡ, ಜಂಪರ್ ಬೇಡ. ಅಂಥ ಬೋರ್ಡು ಇಲ್ಲದವರು ಪ್ರೊಸೆಸರಿನ ಬಿ21 ಎಂಬ ಸಂಪರ್ಕ ಬಿಂದುವಿನ ಮೇಲೆ ಒಂದು ತುಣುಕು ಟೇಪು ಅಂಟಿಸುತ್ತಿದ್ದರು, ಬೋರ್ಡು ಮೋಸಹೋಗಿ 100ರ ಬಸ್ಸು ಕೊಡುತ್ತಿತ್ತು. ಮೊಂಡು ಚಿಪ್‌ಗಳಿಗೆ 2.0 ವೋಲ್ಟಿನ ಬದಲು 2.2 ಕೊಟ್ಟು ನೋಡುತ್ತಿದ್ದರು. ವೇಗ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಶಾಖ ಹೆಚ್ಚುತ್ತದೆ, ಆದರೆ ವೋಲ್ಟೇಜಿನದು ವರ್ಗದ ಲೆಕ್ಕ; ಹತ್ತು ಪ್ರತಿಶತ ಏರಿಸಿದರೆ ಶಾಖ ಇಪ್ಪತ್ತೊಂದು ಪ್ರತಿಶತ ಏರುತ್ತದೆ. ದೊಡ್ಡ ಹೀಟ್‌ಸಿಂಕ್, ದೊಡ್ಡ ಫ್ಯಾನುಗಳ ವ್ಯಾಪಾರ ಕುದುರಿತು. ಚಿಪ್ ಮಲೇಷ್ಯಾದಲ್ಲಿ ತಯಾರಾದದ್ದೋ ಕೋಸ್ಟರಿಕಾದ್ದೋ, ಯಾವ ವಾರದ್ದು ಎಂದು ಜನ ಜಾತಕ ನೋಡುವಂತೆ ನೋಡಿ ಕೊಳ್ಳತೊಡಗಿದರು. 1999ರಲ್ಲಿ ಏಬಿಟ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಎರಡು ಸೆಲೆರಾನ್‌ಗಳನ್ನು ಒಟ್ಟಿಗೆ ಓಡಿಸುವ ಬಿಪಿ6 ಬೋರ್ಡನ್ನೇ ಮಾರಿತು. ಜೋಡಿ ಪ್ರೊಸೆಸರ್‌ಗಳೆಂದರೆ ಸರ್ವರ್‌ಗಳ ಬೆಲೆ ತೆರಬೇಕೆಂಬುದು ಇಂಟೆಲ್ ಯೋಚನೆಯಾಗಿತ್ತು.

ಇಂಟೆಲ್‌ನ ಎದುರಾಳಿ ಕಂಪನಿ ಎಎಂಡಿಯ ಬೇಲಿಯನ್ನು ಮುರಿದದ್ದು ಇನ್ನೂ ಸರಳ ಸಾಧನ. 2000ದ ಜೂನ್‌ನಲ್ಲಿ ಬಂದ ಅದರ ಡ್ಯೂರಾನ್ ಮತ್ತು ಥಂಡರ್‌ಬರ್ಡ್ ಅಥ್ಲಾನ್‌ಗಳ ಮೇಲ್ಮೈಯಲ್ಲಿ ಎಲ್1 ಎಂಬ ಗುರುತಿನ ಪಕ್ಕ ಸಣ್ಣ ಸೇತುವೆಗಳ ಸಾಲಿತ್ತು. ಸೇತುವೆ ಕೂಡಿದ್ದರೆ ಗುಣಕ ಬೋರ್ಡಿನ ಕೈಯಲ್ಲಿ, ಕತ್ತರಿಸಿದ್ದರೆ ಬೀಗ. ಎಎಂಡಿ ಅವನ್ನು ಲೇಸರಿನಿಂದ ಕತ್ತರಿಸಿ ಕಳಿಸತೊಡಗಿತು. ಸೀಸದ ಕಡ್ಡಿಯಲ್ಲಿರುವ ಗ್ರ್ಯಾಫೈಟ್ ವಿದ್ಯುತ್ ಹರಿಸುತ್ತದೆ ಎಂಬುದು ಶಾಲೆಯ ಪಾಠ. ಕತ್ತರಿಸಿದ ಜಾಗದ ಮೇಲೆ ಪೆನ್ಸಿಲಿನಿಂದ ನಾಲ್ಕು ಗೀರು ಎಳೆದರೆ ಬೀಗ ತೆರೆಯುತ್ತಿತ್ತು. 600 ಮೆಗಾಹರ್ಟ್ಸ್ ಡ್ಯೂರಾನ್‌ಗಳು 900 ಮುಟ್ಟಿದವು. 2001ರ ಅಥ್ಲಾನ್ ಎಕ್ಸ್‌ಪಿಯಲ್ಲಿ ಲೇಸರ್ ಆಳವಾದ ಗುಂಡಿಗಳನ್ನೇ ತೋಡಿತ್ತು. ಜನ ಗುಂಡಿಗೆ ಅಂಟು ತುಂಬಿ, ಒಣಗಿಸಿ, ಮೇಲೆ ವಿದ್ಯುತ್ ಹರಿಸುವ ಬಣ್ಣ ಬಳಿದರು.

ಇದೇ ವೇಳೆಗೆ ಇಂಟೆಲ್ ಮತ್ತು ಎಎಂಡಿ ನಡುವೆ ಓಟದ ಪಂದ್ಯ ತಾರಕಕ್ಕೇರಿತ್ತು. 2000ದ ಮಾರ್ಚ್ 6ರಂದು ಎಎಂಡಿ 1 ಗಿಗಾಹರ್ಟ್ಸ್ ಅಥ್ಲಾನ್ ಘೋಷಿಸಿತು, ಎರಡೇ ದಿನಕ್ಕೆ ಇಂಟೆಲ್ ತನ್ನದನ್ನೂ ಘೋಷಿಸಿತು. ಜುಲೈ ಕೊನೆಗೆ ಇಂಟೆಲ್ ಮತ್ತೂ ಮುಂದೆ ನೆಗೆಯಲು 1.13 ಗಿಗಾಹರ್ಟ್ಸ್ ಪೆಂಟಿಯಂ 3 ಹೊರಡಿಸಿತು. ಟಾಮ್ಸ್ ಹಾರ್ಡ್‌ವೇರ್ ತಾಣದ ಥಾಮಸ್ ಪಾಬ್ಸ್ಟ್ ಕೈಗೆ ಬಂದ ಚಿಪ್‌ನಲ್ಲಿ ಲಿನಕ್ಸ್ ಕರ್ನಲ್ ಕಂಪೈಲ್ ಆಗುತ್ತಲೇ ಇರಲಿಲ್ಲ. ಹಾರ್ಡ್‌ಒಸಿಪಿ, ಆನಂದ್‌ಟೆಕ್ ತಾಣಗಳವರಿಗೂ ತೊಂದರೆ ಕಂಡಿತು. ಆಗಸ್ಟ್ 28ರಂದು ಇಂಟೆಲ್ ಆ ಚಿಪ್‌ಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಓವರ್‌ಕ್ಲಾಕ್ ಮಾಡಿ ಮಾಡಿ ಯಾವ ಚಿಪ್ ಎಲ್ಲಿ ಸೋಲುತ್ತದೆಂದು ಪತ್ತೆಹಚ್ಚಲು ಕಲಿತವರೇ ಕಾರ್ಖಾನೆ ಮಿತಿ ಮೀರಿದ್ದನ್ನು ಹಿಡಿದರು. 8.5 ಗುಣಿಸು 133: ಇಂಟೆಲ್ ತನ್ನ ಚಿಪ್ಪನ್ನು ತಾನೇ ಓವರ್‌ಕ್ಲಾಕ್ ಮಾಡಿದೆ ಎಂಬ ಮಾತು ಆಗ ಚಾಲ್ತಿಗೆ ಬಂತು. ಅದು ಪೂರ್ತಿ ಕುಹಕವೇನೂ ಆಗಿರಲಿಲ್ಲ.

ಮುಂದಿನ ನಾಲ್ಕು ವರ್ಷ ಪೆಂಟಿಯಂ 4 ಗಿಗಾಹರ್ಟ್ಸ್‌ಗಳನ್ನು ಏರಿಸುತ್ತಲೇ ಹೋಯಿತು, ಶಾಖವನ್ನೂ. 2004ರ ಅಕ್ಟೋಬರಿನಲ್ಲಿ 4 ಗಿಗಾಹರ್ಟ್ಸ್ ಮಾದರಿಯನ್ನು ಇಂಟೆಲ್ ಕೈಬಿಟ್ಟಿತು. ಕಂಪನಿಯ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ಸಮ್ಮೇಳನವೊಂದರ ವೇದಿಕೆಯಲ್ಲಿ ಮಂಡಿಯೂರಿ ಕ್ಷಮೆ ಕೇಳುವ ನಟನೆ ಮಾಡಿದರು. ಅಲ್ಲಿಂದಾಚೆಗೆ ಮಾರಾಟದ ಮಾತು ವೇಗ ಬಿಟ್ಟು ಕೋರ್‌ಗಳ ಎಣಿಕೆಗೆ ಹೊರಳಿತು.

ಬೀಗದ ಕಥೆ ಮುಗಿದಿರಲಿಲ್ಲ. 2011ರ ಜನವರಿಯಲ್ಲಿ ಬಂದ ಸ್ಯಾಂಡಿ ಬ್ರಿಡ್ಜ್ ಪೀಳಿಗೆಯಲ್ಲಿ ಪ್ರೊಸೆಸರ್, ಪಿಸಿಐ ಎಕ್ಸ್‌ಪ್ರೆಸ್, ಡಿಸ್ಕು, ಯುಎಸ್‌ಬಿ ಎಲ್ಲಕ್ಕೂ ಒಂದೇ 100 ಮೆಗಾಹರ್ಟ್ಸ್ ಮೂಲ ಮಿಡಿತ. ಅದನ್ನು ಐದಾರು ಮೆಗಾಹರ್ಟ್ಸ್ ಏರಿಸಿದರೂ ಏನಾದರೊಂದು ಕೆಡುತ್ತಿತ್ತು. 300ಎ ನುಸುಳಿದ ಸಂದಿ ಮುಚ್ಚಿತು. ಉಳಿದದ್ದು ಗುಣಕ ಒಂದೇ, ಅದನ್ನು ತೆರೆದಿಟ್ಟ ಚಿಪ್‌ಗಳ ಹೆಸರಿಗೆ ಕೆ ಅಕ್ಷರ ಸೇರಿಸಿ ಇಂಟೆಲ್ ಬೇರೆಯಾಗಿ ಮಾರಿತು. ಐ5-2500 ಬೆಲೆ 205 ಡಾಲರ್, ಐ5-2500ಕೆ ಬೆಲೆ 216. ಹದಿಮೂರು ವರ್ಷ ಟೇಪು, ಪೆನ್ಸಿಲು, ಅಂಟುಗಳಿಂದ ಪಡೆಯುತ್ತಿದ್ದ ಸ್ವಾತಂತ್ರ್ಯಕ್ಕೆ ಈಗ 11 ಡಾಲರ್ ಎಂದು ದರ ಬರೆದಿಟ್ಟ ಹಾಗಾಯಿತು. 3.3ರ ಚಿಪ್ 4.5 ಗಿಗಾಹರ್ಟ್ಸ್ ಓಡುವುದು ಸಾಮಾನ್ಯವಾಗಿತ್ತಾದ್ದರಿಂದ ಜನ ಗೊಣಗದೆ ಕೊಟ್ಟರು. ಮರುವರ್ಷ ಇಂಟೆಲ್ ಇನ್ನೂ 20 ಡಾಲರ್ ಕೊಟ್ಟರೆ ಓವರ್‌ಕ್ಲಾಕ್ ಮಾಡಿ ಸುಟ್ಟ ಚಿಪ್ಪನ್ನೂ ಒಮ್ಮೆ ಬದಲಿಸಿಕೊಡುವ ವಿಮೆಯನ್ನೂ ಮಾರಿತು! 2015ರ ಕೊನೆಗೆ ಕೆಲವು ಬೋರ್ಡ್ ತಯಾರಕರು ಕೆ ಇಲ್ಲದ ಸ್ಕೈಲೇಕ್ ಚಿಪ್‌ಗಳ ಮೂಲ ಮಿಡಿತವನ್ನು ಏರಿಸುವ ದಾರಿ ಹುಡುಕಿದರು. ಎರಡು ಮೂರು ತಿಂಗಳಲ್ಲಿ ಆ ದಾರಿಯೂ ಮುಚ್ಚಿತು.

ಅಷ್ಟರಲ್ಲಿ ಗುಣಕ ಸ್ಥಿರ ಸಂಖ್ಯೆಯಾಗಿ ಉಳಿದಿರಲಿಲ್ಲ. 2008ರ ನೆಹಲೇಮ್ ಪೀಳಿಗೆಯಿಂದ ಇಂಟೆಲ್ ಚಿಪ್‌ಗಳು ತಮ್ಮ ಶಾಖ, ವಿದ್ಯುತ್ ಬಳಕೆ, ಎಷ್ಟು ಕೋರ್ ದುಡಿಯುತ್ತಿವೆ ಎಂಬುದನ್ನೆಲ್ಲ ನೋಡಿಕೊಂಡು ಗುಣಕವನ್ನು ತಾವೇ ಏರಿಸುತ್ತ ಇಳಿಸುತ್ತ ಬಂದಿವೆ. ಟರ್ಬೋ ಬೂಸ್ಟ್ ಎಂದು ಅದರ ಹೆಸರು. ಹವ್ಯಾಸಿ ರಾತ್ರಿಯೆಲ್ಲ ಕೂತು ಹುಡುಕುತ್ತಿದ್ದ ಅಂಚನ್ನು ಚಿಪ್ ಈಗ ಕ್ಷಣಕ್ಷಣಕ್ಕೂ ತಾನೇ ಹುಡುಕುತ್ತದೆ. ಅವನಿಗೆ ಉಳಿಯುತ್ತಿದ್ದ ಮಿಗತೆ ವರ್ಷದಿಂದ ವರ್ಷಕ್ಕೆ ಕರಗಿತು. 300ಎಯಲ್ಲಿ ಅರ್ಧದಷ್ಟು ಹೆಚ್ಚು ವೇಗ ಪುಕ್ಕಟೆ ಸಿಕ್ಕಿತ್ತು. ಇಂದಿನ ದುಬಾರಿ ಚಿಪ್‌ಗಳಲ್ಲಿ ಕೆಲವೇ ಪ್ರತಿಶತ ಸಿಕ್ಕರೆ ಹೆಚ್ಚು.

ಅಂಚಿನಲ್ಲಿ ಓಡುವ ಅಪಾಯವೂ ಮಾಲೀಕರಿಂದ ತಯಾರಕರ ಹೆಗಲಿಗೆ ದಾಟಿತು. 6 ಗಿಗಾಹರ್ಟ್ಸ್‌ನ ಆಸುಪಾಸಿಗೆ ತಾವಾಗಿಯೇ ಏರುವ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಚಿಪ್‌ಗಳು, ಯಾರೂ ಕೈಯಾಡಿಸದಿದ್ದರೂ, ಕೆಲವು ತಿಂಗಳ ಬಳಕೆಯ ಮೇಲೆ ಆಟಗಳ ನಡುವೆ ಕುಸಿಯತೊಡಗಿದವು. ದೂರುಗಳು ರಾಶಿಬಿದ್ದ ಮೇಲೆ 2024ರ ಆಗಸ್ಟ್‌ನಲ್ಲಿ ಇಂಟೆಲ್ ಅವುಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಸೆಪ್ಟೆಂಬರ್ ವೇಳೆಗೆ ಕಾರಣವನ್ನೂ ಹೇಳಿತು: ಚಿಪ್ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳಿ ಪಡೆಯುತ್ತಿತ್ತು, ಆ ವೋಲ್ಟೇಜ್ ಮತ್ತು ಶಾಖಕ್ಕೆ ಬೇಗ ಸವೆಯುತ್ತಿದ್ದದ್ದು ಕೋರ್‌ನೊಳಗೆ ಮೂಲೆಮೂಲೆಗೂ ಮಿಡಿತವನ್ನು ಹಂಚುವ ಕ್ಲಾಕ್ ಮಂಡಲ.